ಸಾರಿಗೆ ಒಂದು ಮಾತು ಹೇಳಿ

ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷ. ಪುತ್ತೂರಿನ ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿದ್ದ ಗೋಡೆ ಗಡಿಯಾರ ನಾಲ್ಕು ನಿಮಿಷ ಮುಂದೆ ಓಡುತ್ತಿತ್ತು. ಹಾಗಾಗಿ ಸರಿಯಾದ ಹೊತ್ತು ಎರಡು ಮೂವತ್ತಾರು ಎಂದು ಹೇಳಬೇಕು. ಎಷ್ಟೋ ವರ್ಷಗಳ ಕಾಲ ನಾನು ಈ ನಾಲ್ಕು ನಿಮಿಷಗಳ ಬಗ್ಗೆ ಕೂಡ ಯೋಚಿಸಿದ್ದೇನೆ, ಅದರಿಂದ ಯಾರಿಗೋ ಏನೋ ಆಗುತ್ತದೆ ಎಂಬಂತೆ.

ಎಪ್ಪತ್ತರ ದಶಕದ ಕೊನೆ. ನಾನು ಕೊನೆಯ ವರ್ಷದ ಬಿ.ಎಸ್ಸಿ. ನಮ್ಮ ತರಗತಿಯಲ್ಲಿ ಇಪ್ಪತ್ತೆರಡು ಹುಡುಗರು, ನಾಲ್ಕು ಹುಡುಗಿಯರು. ಲ್ಯಾಬಿನ ಕಿಟಕಿಗಳನ್ನೆಲ್ಲ ಮುಚ್ಚಿದ್ದರು, ಗಾಳಿಗೆ ಬರ್ನರ್ ಆರುತ್ತದೆ ಎಂದು. ಸೆಕೆಗೆ ಸೀರೆ ಬೆನ್ನಿಗೆ ಅಂಟಿಕೊಂಡಿತ್ತು. ಲೆಕ್ಚರರ್ ತಮ್ಮ ದೊಡ್ಡ ಮೇಜಿನ ಹತ್ತಿರ ನಿಂತು ಪ್ರಯೋಗ ತೋರಿಸಲು ತಯಾರಿ ಮಾಡುತ್ತಿದ್ದರು. ಮೇಜಿನ ಒಂದು ತುದಿಯಲ್ಲಿ ಈಥರಿನ ದೊಡ್ಡ ಬಾಟಲಿ, ಇನ್ನೊಂದು ತುದಿಯಲ್ಲಿ ಇನ್ನೂ ಹಚ್ಚದ ಬರ್ನರ್. ಹುಡುಗಿಯರ ಮೇಜು ಬಾಗಿಲ ಬಳಿ, ಅದರ ಪಕ್ಕದಲ್ಲೇ ಸ್ಟೋರ್ ರೂಮಿನ ಬಾಗಿಲು. ಲ್ಯಾಬಿನ ಅಟೆಂಡರ್ ಆ ಬಾಗಿಲಿನಿಂದ ಹೊರಗೆ ಬಂದರು. ಕೈಯಲ್ಲಿ ನೀರಿನ ಜಾಡಿ. ಎರಡು ಹೆಜ್ಜೆ ಇಟ್ಟು ನಿಂತು, ಮೂಗನ್ನು ಸ್ವಲ್ಪ ಮೇಲೆತ್ತಿ ಗಾಳಿ ಎಳೆದುಕೊಂಡರು. ಮತ್ತೆ ನನ್ನ ಹತ್ತಿರ ಬಂದು, ನನ್ನನ್ನು ನೋಡದೆ, ಜಾಡಿಯನ್ನು ಮೇಜಿನ ಮೇಲಿಡುವ ನೆಪದಲ್ಲಿ ತುಳುವಿನಲ್ಲಿ ಹೇಳಿದರು. ಅದನ್ನು ನಮ್ಮ ಊರಿನ ಕನ್ನಡದಲ್ಲಿ ಬರೆದರೆ ಹೀಗಾಗುತ್ತದೆ:

"ಅಕ್ಕ, ಆ ಬಾಟ್ಲಿಯ ಬಿರಡೆ ಒಡ್ದಿದೆ. ವಾಸನೆ ಬರ್ತಾ ಉಂಟು. ಬರ್ನರ್ ಹಚ್ಚುದು ಬೇಡ ಅಂತ ಸಾರಿಗೆ ಒಂದು ಮಾತು ಹೇಳಿ."

ಅವರು ಹೇಳಿದ್ದು ಇಷ್ಟೇ, ಇದರಲ್ಲಿ ಒಂದು ಅಕ್ಷರವೂ ನನಗೆ ಕೇಳಿಸದೆ ಹೋಗಿರಲಿಲ್ಲ.

ಅವರು ನಮ್ಮ ಊರಿನವರೇ. ಕಡಬದ ಆಚೆ ನಮ್ಮ ಮನೆಯ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದ ಒಕ್ಕಲಿನ ಮನೆಯ ಮಗ. ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು. ಆದರೂ ನನ್ನನ್ನು ಅಕ್ಕ ಎನ್ನುತ್ತಿದ್ದರು, ನಾನು ಲಂಗ ಹಾಕಿಕೊಂಡು ಓಡಾಡುವ ವಯಸ್ಸಿನಿಂದಲೂ. ನಾನು ಅವರನ್ನು 'ನೀನು' ಎನ್ನುತ್ತಿದ್ದೆ. ಅದು ತಪ್ಪೆಂದು ನನಗೆ ಯಾರೂ ಹೇಳಿರಲಿಲ್ಲ, ನನಗೂ ಹಾಗೆ ಅನ್ನಿಸಿರಲಿಲ್ಲ. ಇವತ್ತು ಬರೆಯುವಾಗ 'ಅವರು' ಎಂದು ಬರೆಯುತ್ತಿದ್ದೇನೆ. ಇದು ಬಹಳ ಸುಲಭ. ಆವತ್ತು ಆ ಲ್ಯಾಬಿನಲ್ಲಿ ಅವರನ್ನು ಹಾಗೆ ಕರೆದವರು ಒಬ್ಬರೂ ಇರಲಿಲ್ಲ. ಹದಿನೆಂಟು ವರ್ಷದ ಹುಡುಗರೂ "ಏಯ್, ಟೆಸ್ಟ್ ಟ್ಯೂಬ್ ತಾ" ಎನ್ನುತ್ತಿದ್ದರು.

ಅಷ್ಟು ತುರ್ತಿನ ಮಾತನ್ನು ಅವರು ನೇರವಾಗಿ ಲೆಕ್ಚರರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಬಹುದು. ಎಲ್ಲರೂ ಆಮೇಲೆ ಅದನ್ನೇ ಕೇಳಿದರು.

ಆ ವರ್ಷದ ಆರಂಭದಲ್ಲಿ ಒಮ್ಮೆ ಅವರು ನೇರವಾಗಿಯೇ ಹೇಳಿದ್ದರು. ಲೆಕ್ಚರರ್ ತಪ್ಪಿ ಬೇರೊಂದು ಆಸಿಡ್ ಬಾಟಲಿ ಕೈಗೆತ್ತಿಕೊಂಡಿದ್ದರು. "ಸಾರ್, ಅದಲ್ಲ, ಅದರ ಪಕ್ಕದ್ದು" ಎಂದರು ಇವರು. ಲೆಕ್ಚರರ್ ಬಾಟಲಿಯನ್ನು ಕೆಳಗಿಟ್ಟರು. ಒಂದು ಕ್ಷಣ ಅದರ ಲೇಬಲ್ ನೋಡಿದರು. ಆಮೇಲೆ ತುಂಬ ವಿನಯದಿಂದ, ಸ್ವಲ್ಪ ಬಗ್ಗಿ, "ಓಹೋ! ನೀವು ಪಾಠ ಮಾಡ್ತೀರಾ? ಬನ್ನಿ ಬನ್ನಿ, ತಾವು ಬನ್ನಿ ಪ್ರೊಫೆಸರ್ರೇ, ಇಲ್ಲಿ ಚಾಕ್ ಉಂಟು" ಎಂದು ಚಾಕನ್ನು ಎರಡೂ ಕೈಯಲ್ಲಿ ಚಾಚಿದರು. ತರಗತಿ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಆವತ್ತಿನಿಂದ ಹುಡುಗರು ಅವರನ್ನು ಕಾರಿಡಾರಿನಲ್ಲಿ "ನಮಸ್ಕಾರ ಪ್ರೊಫೆಸರ್ರೇ" ಎಂದು ಕರೆಯತೊಡಗಿದರು. ಮಾರನೆಯ ದಿನ ಲೆಕ್ಚರರ್ ಅವರನ್ನು ಕರೆದು ಪ್ರಾಕ್ಟಿಕಲ್ ಹೊತ್ತಿನಲ್ಲಿ ಬಾಯಿ ತೆರೆಯಕೂಡದು ಎಂದು ಹೇಳಿದರಂತೆ. ಅಲ್ಲಿಂದ ಮುಂದೆ ಅವರು ಲ್ಯಾಬಿನಲ್ಲಿ ಮಾತಾಡಲಿಲ್ಲ. ಒಂಬತ್ತು ವರ್ಷಗಳಿಂದ ಅವರದು ತಾತ್ಕಾಲಿಕ ಕೆಲಸ. ಆ ಜೂನಿನಲ್ಲಿ ಖಾಯಂ ಮಾಡುತ್ತೇವೆ ಎಂದು ಆಫೀಸಿನಲ್ಲಿ ಹೇಳಿದ್ದರು. ಬಾಯಿ ತೆರೆಯಬೇಡ ಎಂದರೆ ತೆರೆಯದಿರುವುದು ಅವರಿಗೆ ಆಗ ಕೆಲಸದ ಒಂದು ಭಾಗ.

ಇನ್ನು ನನ್ನ ಕಥೆ. ಲ್ಯಾಬಿನಲ್ಲಿ ಲೆಕ್ಚರರ ಜೊತೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಮಾತಾಡುವಂತಿರಲಿಲ್ಲ. ಮೊದಲು ಕೈ ಎತ್ತಬೇಕು, ಅವರು ನೋಡಿ ತಲೆ ಆಡಿಸಿದ ಮೇಲೆ 'ಎಕ್ಸ್‌ಕ್ಯೂಸ್ ಮಿ ಸರ್' ಎಂದು ಶುರುಮಾಡಬೇಕು. ನಿಯಮ ಎಲ್ಲರಿಗೂ ಒಂದೇ ಎಂದು ಹೇಳುತ್ತಿದ್ದರು. ಆದರೆ ಹುಡುಗರು ಹಿಂದಿನ ಮೇಜಿನಿಂದ "ಸಾರ್, ಇದೆಂತ ಸಾರ್, ಬಣ್ಣವೇ ಬರುದಿಲ್ಲ ಮಾರಾಯ್ರೆ" ಎಂದು ಬೊಬ್ಬೆ ಹಾಕಿದರೆ ಲೆಕ್ಚರರ್ ನಗುತ್ತಿದ್ದರು. "ನಿನ್ನ ಮುಖಕ್ಕೆ ಬಣ್ಣ ಬರುದಾ?" ಎಂದು ಅದೇ ಧಾಟಿಯಲ್ಲಿ ಉತ್ತರ ಕೊಡುತ್ತಿದ್ದರು. ಹುಡುಗರ ಮಾತು ಸಲಿಗೆಯಾಗಿತ್ತು. ನಮ್ಮ ಬಾಯಿಂದ ಅದೇ ಮಾತು ಬಂದರೆ ಹಳ್ಳಿಯವರಾಗುತ್ತಿದ್ದೆವು. ಎರಡನೇ ವರ್ಷದಲ್ಲಿ ಒಮ್ಮೆ ಬಿಸಿ ಗಾಜು ಮುಟ್ಟಿದ ನಾನು "ಅಯ್ಯೋ ಅಪ್ಪೇ" ಎಂದು ಕಿರುಚಿದ್ದೆ. ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ. ಲೆಕ್ಚರರ್ ಅದನ್ನು ನನ್ನದೇ ಧ್ವನಿಯಲ್ಲಿ, ಸೆರಗು ಹಿಡಿದುಕೊಂಡವರ ಹಾಗೆ ಅಭಿನಯಿಸಿ ತೋರಿಸಿದರು. ತಿಂಗಳುಗಟ್ಟಲೆ, ಹಾಜರಿ ಕರೆಯುವಾಗ ನನ್ನ ಸರದಿ ಬಂದರೆ ಹಿಂದಿನ ಬೆಂಚಿನಿಂದ ಒಂದು ಸಣ್ಣ "ಅಪ್ಪೇ" ಬರುತ್ತಿತ್ತು. ನಾನು ಕಡಬದ ಶಾಲೆಯಲ್ಲಿ ಕನ್ನಡದಲ್ಲಿ ಓದಿದವಳು. ಇಂಗ್ಲಿಷಿನಲ್ಲಿ ಒಂದು ವಾಕ್ಯ ಹೇಳಬೇಕಾದರೆ ಅದನ್ನು ಮೊದಲು ಮನಸ್ಸಿನಲ್ಲಿ ಕಟ್ಟಿ, ಎರಡು ಸಲ ಓದಿ ನೋಡಿ, ಆಮೇಲೆ ಹೊರಗೆ ಬಿಡುತ್ತಿದ್ದೆ.

ಆವತ್ತೂ ಹಾಗೆಯೇ ಮಾಡಿದೆ. ಕೈ ಎತ್ತಿದೆ. ವಾಕ್ಯ ಕಟ್ಟತೊಡಗಿದೆ.

ಲೆಕ್ಚರರ್ ಬೋರ್ಡಿನ ಕಡೆ ತಿರುಗಿದ್ದರು. ಕೈ ಎತ್ತಿಕೊಂಡೇ ನಿಂತಿದ್ದೆ. ಅಟೆಂಡರ್ ನನ್ನ ಪಕ್ಕದಲ್ಲೇ ನಿಂತು ಒಮ್ಮೆ ನನ್ನನ್ನು, ಒಮ್ಮೆ ಬಾಟಲಿಯನ್ನು ನೋಡುತ್ತಿದ್ದರು. ತರಗತಿಯ ಲೀಡರ್ ಹುಡುಗನಿಗೆ ನನ್ನ ಕೈ ಕಂಡಿತು.

"ಸಾರ್, ಲೇಡೀಸಿಗೆ ಡೌಟ್ ಉಂಟಂತೆ!" ಎಂದು ಕೂಗಿದ ಕನ್ನಡದಲ್ಲಿ.

"ಡೌಟಿಗೆಲ್ಲ ಆಮೇಲೆ ಟೈಮ್ ಉಂಟು," ಎಂದರು ಲೆಕ್ಚರರ್, ಕನ್ನಡದಲ್ಲೇ, ತಿರುಗದೆ.

ಹುಡುಗರು ನಕ್ಕರು. ನಾನು ಕೈ ಇಳಿಸಿದೆ. ಇಳಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಬೆರಳುಗಳನ್ನು ಮೇಜಿನ ಅಂಚಿನ ಮೇಲೆ ಜೋಡಿಸಿಟ್ಟುಕೊಂಡೆ. ಅಟೆಂಡರ್ ಇನ್ನೊಮ್ಮೆ, ಈಗ ಸ್ವಲ್ಪ ಗಟ್ಟಿಯಾಗಿ, "ಅಕ್ಕ, ಹೇಳಿ" ಎಂದರು. "ಒಂದು ನಿಮಿಷ ಇರು" ಎಂದೆ. ಅವರನ್ನು ಗದರುವ ಧ್ವನಿ ಮಾತ್ರ ನನ್ನ ಗಂಟಲಿನಲ್ಲಿ ತಡವಿಲ್ಲದೆ ಹುಟ್ಟಿತು. ಅದಕ್ಕೆ ವಾಕ್ಯ ಕಟ್ಟಬೇಕಾಗಲಿಲ್ಲ.

ಲೆಕ್ಚರರ್ ಬೆಂಕಿಕಡ್ಡಿ ಗೀರಿದರು.

ಈಥರ್ ಪೆಟ್ರೋಲಿಗಿಂತ ಬೇಗ ಆವಿಯಾಗುತ್ತದೆ. ಆ ಆವಿ ಗಾಳಿಗಿಂತ ಭಾರ. ಅದು ಮೇಲೇಳುವುದಿಲ್ಲ, ಮೇಜಿನ ಮೇಲೆ ಕಣ್ಣಿಗೆ ಕಾಣದೆ ಹರಡುತ್ತದೆ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದಿದ್ದೆ. ಕಣ್ಣಿಂದ ನೋಡಿದ್ದು ಆವತ್ತು. ಕಡ್ಡಿಯಿಂದ ಬಾಟಲಿಯವರೆಗೆ ಮೇಜಿನ ಮೇಲೆ ನೀಲಿ ಬೆಂಕಿ ಸದ್ದಿಲ್ಲದೆ ಓಡಿತು. ಸದ್ದು ಬಂದದ್ದು ಆಮೇಲೆ, ದೊಡ್ಡ ಚಾದರ ಕೊಡವಿದ ಹಾಗೆ. ಲೆಕ್ಚರರ ಹುಬ್ಬು, ಮುಂಗೂದಲು ಸುಟ್ಟಿತು. ಅವರು ಹಿಂದಕ್ಕೆ ಬಿದ್ದರು. "ಅಯ್ಯೋ ಅಪ್ಪೇ!" ಎಂದು ಕಿರುಚಿದರು, ಥೇಟ್ ನನ್ನ ಹಾಗೆ. ಆ ಹೊತ್ತಿನಲ್ಲಿ ಯಾರೂ ನಗಲಿಲ್ಲ. ಇಪ್ಪತ್ತಾರು ಮಂದಿ ಒಂದೇ ಬಾಗಿಲಿಗೆ ನುಗ್ಗಿದೆವು.

ಬಾಟಲಿಯ ಬಾಯಿ ಉರಿಯುತ್ತಿತ್ತು. ಒಳಗೆ ಅರ್ಧಕ್ಕಿಂತ ಹೆಚ್ಚು ಈಥರ್ ಇತ್ತು. ಅದು ಒಡೆದಿದ್ದರೆ ನಾವು ಯಾರೂ ಬಾಗಿಲು ದಾಟುತ್ತಿರಲಿಲ್ಲ. ಅಟೆಂಡರ್ ನಮ್ಮೆಲ್ಲರ ಎದುರು ದಿಕ್ಕಿಗೆ ಓಡಿದರು. ಎರಡೂ ಕೈಯಲ್ಲಿ ಬಾಟಲಿಯನ್ನು ಎತ್ತಿ, ಮುಖ ಓರೆ ಮಾಡಿಕೊಂಡು, ಸ್ಟೋರಿನ ಹಿಂಬಾಗಿಲಿನಿಂದ ಹೊರಗೆ ಹೋಗಿ, ಚರಂಡಿಯ ಮಣ್ಣಿನಲ್ಲಿ ಇಟ್ಟರು. ಎಸೆಯಲಿಲ್ಲ, ಇಟ್ಟರು. ಅಷ್ಟು ದೂರ ಅವರು ಅದನ್ನು ಬಿಡದೆ ಹಿಡಿದಿದ್ದರು. ಬೆರಳುಗಳ ಚರ್ಮ ಬಾಟಲಿಗೆ ಅಂಟಿಕೊಂಡು ಬಂತು ಎಂದು ಆಮೇಲೆ ಯಾರೋ ಹೇಳಿದರು.

ಅವರನ್ನು ಜೀಪಿನಲ್ಲಿ ಆಸ್ಪತ್ರೆಗೆ ಸಾಗಿಸಿದರು. ನನ್ನ ಸೆರಗಿನ ತುದಿ ಮಾತ್ರ ಸುಟ್ಟಿತ್ತು. ಸಂಜೆ ಬಸ್ಸಿನಲ್ಲಿ ಅದನ್ನು ಒಳಗೆ ಮಡಚಿ ಕೂತು ಮನೆಗೆ ಬಂದೆ.

ಮೂರು ದಿನ ಕಳೆದ ಮೇಲೆ ಕಾಲೇಜಿನಿಂದ ಅಪ್ಪನಿಗೆ ಕಾಗದ ಬಂತು. ವಿಚಾರಣೆ ಉಂಟು, ಮಗಳನ್ನು ಕರೆದುಕೊಂಡು ಬನ್ನಿ ಎಂದು. ಅಟೆಂಡರ್ ಬಿರಡೆ ಸರಿಯಾಗಿ ಹಾಕದೆ ಬಾಟಲಿ ತಂದಿಟ್ಟ, ವಾಸನೆ ಬಂದರೂ ತಿಳಿಸಲಿಲ್ಲ ಎಂದು ಲೆಕ್ಚರರ್ ಬರೆದುಕೊಟ್ಟಿದ್ದರು. ಬಿರಡೆ ಒಡೆದದ್ದನ್ನು ಹಿಂದಿನ ವಾರವೇ ಆಫೀಸಿನಲ್ಲಿ ಹೇಳಿದ್ದೆ, ಆವತ್ತು ಕೂಡ ಆ ಅಕ್ಕನ ಹತ್ತಿರ ಹೇಳಿದ್ದೆ ಎಂದು ಅಟೆಂಡರ್ ಹೇಳಿದ್ದರು. ಹಿಂದಿನ ವಾರದ್ದು ಆಫೀಸಿನಲ್ಲಿ ಯಾರಿಗೂ ನೆನಪಿರಲಿಲ್ಲ. ಅಟೆಂಡರ್ ನನ್ನ ಹತ್ತಿರ ಏನೋ ಪಿಸುಗುಟ್ಟಿದ್ದನ್ನು ತಾನು ನೋಡಿದ್ದಾಗಿ ಲೀಡರ್ ಹುಡುಗ ಹೇಳಿದ್ದ. ಅಂದರೆ ಅವರ ಕೆಲಸ ಉಳಿಯುವುದು ಹೋಗುವುದು ನನ್ನ ಒಂದು ಮಾತಿನ ಮೇಲೆ ನಿಂತಿತ್ತು.

ನಾನು ಅಪ್ಪನಿಗೆ ನಡೆದದ್ದನ್ನೆಲ್ಲ ಹೇಳಿದೆ. ಅಪ್ಪ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ ಕೇಳಿದರು.

"ನಿನ್ನ ಹತ್ರ ಬಂದು ಹೇಳುದೆಂತಕ್ಕೆ ಅವನಿಗೆ? ಅಲ್ಲಿ ಗಂಡಸರು ಇರಲಿಲ್ವಾ?"

"ನಮ್ಮ ಊರಿನವಳು ಅಂತ ಹೇಳಿರಬೇಕು."

"ಊರಿನವಳು! ನಮ್ಮ ಮೇಲೆ ಡಿಕ್ಲರೇಶನ್ ಕೊಡುವಾಗ ಊರಿನವರು ಅಂತ ನೆನಪಾಗಲಿಲ್ಲ ಅವನ ಅಪ್ಪನಿಗೆ."

ಭೂಮಸೂದೆ ಬಂದಾಗ ಗೇಣಿಯ ಗದ್ದೆ ತಮಗೆ ಸೇರಬೇಕೆಂದು ಒಕ್ಕಲುಗಳು ಅರ್ಜಿ ಕೊಟ್ಟರು. ಅದಕ್ಕೆ ನಮ್ಮಲ್ಲಿ ಡಿಕ್ಲರೇಶನ್ ಕೊಡುವುದು ಎನ್ನುತ್ತಿದ್ದರು. ಆ ಮನೆಯವರೂ ಕೊಟ್ಟಿದ್ದರು. ಗದ್ದೆ ಅವರದಾಯಿತು. ಆದರೂ ನಮ್ಮ ಅಂಗಳಕ್ಕೆ ಬಂದರೆ ಅವರು ನಿಂತೇ ಮಾತಾಡುತ್ತಿದ್ದರು, ನಮ್ಮವರು ಕೂತೇ ಉತ್ತರಿಸುತ್ತಿದ್ದರು. ಕಾಗದದಲ್ಲಿ ಗದ್ದೆ ಹೋಗಿತ್ತು, ಬಾಯಲ್ಲಿ ಹೋಗಿರಲಿಲ್ಲ.

"ಅಪ್ಪ, ಅವನ ಕೆಲಸ ಹೋಗ್ತದೆ," ಎಂದೆ.

"ನಿನಗೆ ಮದುವೆ ಆಗ್ಲಿಕ್ಕುಂಟು. ಅಟೆಂಡರ್ ಬಂದು ಕಿವಿಯಲ್ಲಿ ಎಂತದ್ದೋ ಹೇಳಿದ, ಇವಳು ಕೇಳಿ ಸುಮ್ಮನೆ ನಿಂತಳು ಅಂತ ಪುತ್ತೂರಿಡೀ ಆಗಬೇಕಾ? ಕೇಳ್ಲಿಲ್ಲ ಅಂತ ಹೇಳು. ಅದು ಸುಳ್ಳೂ ಅಲ್ಲ ಸತ್ಯವೂ ಅಲ್ಲ. ಯಾರಿಗೂ ಹಾನಿ ಇಲ್ಲ."

ವಿಚಾರಣೆ ಪ್ರಿನ್ಸಿಪಾಲರ ಕೋಣೆಯಲ್ಲಿ. ಪ್ರಿನ್ಸಿಪಾಲರು, ಆಡಳಿತ ಮಂಡಳಿಯ ಒಬ್ಬ ಹಿರಿಯರು, ಹುಬ್ಬಿಲ್ಲದ ಲೆಕ್ಚರರ್. ಅಪ್ಪನಿಗೆ ಕುರ್ಚಿ ಕೊಟ್ಟರು. ನಾನು ಅಪ್ಪನ ಕುರ್ಚಿಯ ಹಿಂದೆ ನಿಂತೆ. ಲೆಕ್ಚರರ್ ಆವತ್ತು ನನಗೆ ಮೊದಲ ಸಲ ಬಹುವಚನ ಕೊಟ್ಟರು. "ನೀವು ಹೆದರಬೇಡಿ. ಮರ್ಯಾದಸ್ಥರ ಮನೆಯ ಹುಡುಗಿ ನೀವು. ಅಂಥವನು ಬಂದು ಮಾತಾಡಿದರೆ ಕಿವಿ ಕೊಡುವವರಲ್ಲ ಅಂತ ನಮಗೆ ಗೊತ್ತುಂಟು" ಎಂದರು. ಬಾಟಲಿಯ ಹತ್ತಿರ ಬೆಂಕಿಕಡ್ಡಿ ಗೀರಿದವರಿಂದ ನಾನು ಪಡೆದ ಗೌರವ ಅದು. ಆ ಗೌರವಕ್ಕೆ ನಾನು ಒಳಗೊಳಗೇ ಸ್ವಲ್ಪ ಉಬ್ಬಿದೆ ಎಂಬುದನ್ನೂ ಬರೆಯಬೇಕು.

ಪ್ರಿನ್ಸಿಪಾಲರು ಅಪ್ಪನನ್ನು ಕೇಳಿದರು, "ಮಗಳಿಗೆ ಅವನು ಹೇಳಿದ್ದು ಕೇಳಿಸಿತ್ತಂತಾ?"

"ಅವಳಿಗೆ ಎಂತ ಗೊತ್ತು ಮಾರಾಯ್ರೆ, ಸಣ್ಣ ಹುಡುಗಿ. ಕೇಳ್ಲಿಲ್ಲ ಅಂತ ಹೇಳ್ತಾಳೆ," ಎಂದರು ಅಪ್ಪ.

"ಹೌದಾ?" ಎಂದು ಆಡಳಿತ ಮಂಡಳಿಯ ಹಿರಿಯರು ನನ್ನ ಕಡೆ ನೋಡಿದರು.

"ಸರಿಯಾಗಿ ಕೇಳ್ಲಿಲ್ಲ," ಎಂದೆ.

ಎರಡೇ ಪದ. ಅಷ್ಟು ಮೆಲ್ಲಗೆ ಹೇಳಿದ್ದೆನೆಂದರೆ ಅದನ್ನು ಪ್ರಿನ್ಸಿಪಾಲರು ಇನ್ನೊಮ್ಮೆ ಗಟ್ಟಿಯಾಗಿ ಹೇಳಿ ಗುಮಾಸ್ತನಿಗೆ ಬರೆಸಬೇಕಾಯಿತು. ಗುಮಾಸ್ತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ತಂದ. ಅಟೆಂಡರ್ ನನಗೆ ಯಾವ ಎಚ್ಚರಿಕೆಯನ್ನೂ ಕೊಡಲಿಲ್ಲ ಎಂದು ಅದರಲ್ಲಿತ್ತು. ನಾನು ಹೇಳಿದ್ದಕ್ಕಿಂತ ಅದು ಬಹಳ ದೂರ ಹೋಗಿತ್ತು. ಇಂಗ್ಲಿಷ್ ಮಾತ್ರ ಚೆನ್ನಾಗಿತ್ತು, ನನ್ನದಕ್ಕಿಂತ ಎಷ್ಟೋ ಮೇಲು. ಅಪ್ಪ ಪೆನ್ನು ಕೊಟ್ಟರು. ಸಹಿ ಹಾಕಿದೆ.

ಹೊರಗೆ ಜಗಲಿಯಲ್ಲಿ ಅಟೆಂಡರ್ ನಿಂತಿದ್ದರು. ಎರಡೂ ಕೈಗೆ ಮೊಣಕೈವರೆಗೆ ಬ್ಯಾಂಡೇಜು. ಅಪ್ಪ ಅವರನ್ನು ನೋಡದೆ ಮುಂದೆ ಹೋದರು. ನಾನು ಹಿಂದೆ ಉಳಿದೆ.

"ಅಕ್ಕ, ಹೇಳಿದ್ರಾ?"

"ಹೇಳಿದೆ," ಎಂದೆ.

"ದೇವರು ನಿಮ್ಮನ್ನು ಚೆನ್ನಾಗಿ ಇಡ್ಲಿ," ಎಂದು ಕೈ ಮುಗಿಯಲು ಹೋದರು. ಬ್ಯಾಂಡೇಜಿನ ಕೈಗಳು ಸರಿಯಾಗಿ ಕೂಡಲಿಲ್ಲ.

ಹದಿನೈದು ದಿನದಲ್ಲಿ ಅವರನ್ನು ಕೆಲಸದಿಂದ ತೆಗೆದರು. ಬೆಂಕಿ ಹತ್ತಿದ ದಿನದಿಂದ ನನಗೆ ನಿದ್ದೆ ಕೆಟ್ಟಿತ್ತು. ಆ ಜಗಲಿಯ ದಿನದಿಂದ ಪೂರ್ತಿ ಹೋಯಿತು. ಮಲಗಿದ ಒಂದೆರಡು ಗಂಟೆಯಲ್ಲೇ ಎದ್ದು ಕೂರುತ್ತಿದ್ದೆ. ಆ ಒಂದು ನಿಮಿಷವನ್ನು ಮನಸ್ಸಿನಲ್ಲಿ ಮತ್ತೆ ಮೊದಲಿನಿಂದ ನಡೆಸುತ್ತಿದ್ದೆ: ಜಾಡಿ, ಮೂಗು, ಪಿಸುಮಾತು, ನನ್ನ ಎತ್ತಿದ ಕೈ. 'ಸಾರ್, ಬೆಂಕಿ ಹಚ್ಚಬೇಡಿ' ಎಂದು ಹೇಳಲು ಎಷ್ಟು ಹೊತ್ತು ಬೇಕು ಎಂದು ಕೈಗಡಿಯಾರ ಹಿಡಿದು ನೋಡಿದ್ದೇನೆ. ಎರಡು ಸೆಕೆಂಡು. ತುಳುವಿನಲ್ಲಿ ಇನ್ನೂ ಕಡಿಮೆ. ಸ್ಪಿರಿಟಿನ ವಾಸನೆ ಬಂದರೆ ಎದ್ದು ಕಿಟಕಿ ತೆರೆಯುತ್ತಿದ್ದೆ. ಯಾರಾದರೂ ಬೀಡಿಗೆ ಕಡ್ಡಿ ಗೀರಿದರೆ ಬಸ್ಸಿನಿಂದ ಇಳಿದುಬಿಡಬೇಕೆನ್ನಿಸುತ್ತಿತ್ತು.

ನಾನು ಎಂ.ಎಸ್ಸಿ. ಮುಗಿಸಿ ಸುಳ್ಯದ ಒಂದು ಕಾಲೇಜಿನಲ್ಲಿ ಲೆಕ್ಚರರ್ ಆದೆ. ಎಂಬತ್ತರ ದಶಕದ ಆರಂಭ. ಸ್ಟಾಫ್ ರೂಮಿನಲ್ಲಿ ಆರು ಗಂಡಸರು, ನಾನೊಬ್ಬಳು ಹೆಂಗಸು. ಅವರು ತಮ್ಮತಮ್ಮೊಳಗೆ ಹೋಗಾ ಬಾರಾ ಎನ್ನುತ್ತಿದ್ದರು. ನನ್ನನ್ನು ಮೇಡಂ ಎನ್ನುತ್ತಿದ್ದರು. ನಾನು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. "ಮೇಡಂ ಬಂದ್ರು, ಇನ್ನು ಪಾಠದ ವಿಷಯ ಮಾತಾಡುವ" ಎಂದು ಒಬ್ಬರು ಹೇಳುತ್ತಿದ್ದರು, ಎಲ್ಲರೂ ನಗುತ್ತಿದ್ದರು. ಲ್ಯಾಬಿಗೆ ಹೊಸ ಫ್ಯಾನ್ ಬೇಕೆಂದು ಮೂರು ಮೀಟಿಂಗಿನಲ್ಲಿ ಕೇಳಿದೆ. "ಆಗಲಿ ಮೇಡಂ, ನೋಡುವ ಮೇಡಂ." ನಾಲ್ಕನೆಯ ಸಲ ನನಗಿಂತ ಕಿರಿಯ ಸಹೋದ್ಯೋಗಿಯೊಬ್ಬರು, "ಎಂತ ಸಾರ್ ಇದು, ಒಳಗೆ ಸಾಯ್ಬೇಕಾ ನಾವು?" ಎಂದು ಮೇಜು ಕುಟ್ಟಿದರು. ಮಾರನೆಯ ದಿನ ಫ್ಯಾನ್ ಬಂತು.

ನನ್ನ ತರಗತಿಯ ಹುಡುಗಿಯರು ತಮ್ಮೊಳಗೆ ಸುಳ್ಯದ ಕಡೆಯ ಮನೆಮಾತಾದ ಅರೆಭಾಷೆಯಲ್ಲಿ ಪಟಪಟ ಮಾತಾಡುತ್ತಿದ್ದರು, ನಾನು ಹತ್ತಿರ ಹೋದರೆ ಬಾಯಿ ಹೊಲಿದುಕೊಳ್ಳುತ್ತಿದ್ದರು. ಲ್ಯಾಬಿನ ಮೊದಲ ದಿನವೇ ನಾನು ಹೇಳುತ್ತಿದ್ದೆ, ಅಪಾಯ ಕಂಡರೆ ಯಾವ ಭಾಷೆಯಲ್ಲಾದರೂ ಬೊಬ್ಬೆ ಹಾಕಿ, ಕೈ ಎತ್ತಬೇಡಿ ಎಂದು. ಅವರು ತಲೆ ಆಡಿಸುತ್ತಿದ್ದರು. ಒಂದು ದಿನ ಮಂಡೆಕೋಲು ಎಂಬ ಹಳ್ಳಿಯಿಂದ ಬರುತ್ತಿದ್ದ ನಮ್ಮ ಅಟೆಂಡರ್, ತಲೆ ನರೆತವರು, ಬ್ಯೂರೆಟ್ ತರಲು ತಡಮಾಡಿದರು. "ಏಯ್, ಎಂತ ಮಾಡ್ತಾ ಇದ್ದಿ ಅಲ್ಲಿ? ಕಿವಿ ಕೇಳುದಿಲ್ವಾ?" ಎಂದು ಒಂದು ಧ್ವನಿ ಲ್ಯಾಬಿನಲ್ಲಿ ಮೊಳಗಿತು. ಅದು ನನ್ನದು. ಅವರು ಓಡಿಬಂದು, "ತಪ್ಪಾಯ್ತು ಮೇಡಂ" ಎಂದರು. ಸ್ಟಾಫ್ ರೂಮಿನಲ್ಲಿ ಇಲ್ಲದ ಗಂಟಲು ಇಲ್ಲಿ ಎಲ್ಲಿಂದ ಬಂತು ಎಂದು ನನಗೆ ಗೊತ್ತಿತ್ತು. ಪಾಠ ಮುಂದುವರಿಸಲಾಗದೆ ಹುಡುಗಿಯರಿಗೆ ಏನೋ ಬರೆಯಲು ಕೊಟ್ಟು ಕೂತೆ.

ಪುತ್ತೂರಿನ ಒಬ್ಬ ವಕೀಲರಿಂದ ಕಾಗದ ಬಂದದ್ದು ಆ ವರ್ಷವೇ. ಪುತ್ತೂರು ಕಾಲೇಜಿನ ಆ ಹಳೆಯ ಅಟೆಂಡರ್ ಮಂಗಳೂರಿನ ಕೋರ್ಟಿನಲ್ಲಿ ಕೇಸು ಹಾಕಿದ್ದಾರೆ, ಅದು ಈಗ ಸಾಕ್ಷಿಯ ಹಂತಕ್ಕೆ ಬಂದಿದೆ, ನಿಮ್ಮ ಹಳೆಯ ಹೇಳಿಕೆಯ ನಕಲು ನಮಗೆ ಈಗ ಸಿಕ್ಕಿತು, ಅದು ನಿಜವಾಗಿ ನೀವು ಹೇಳಿದ್ದೇ ಎಂದು ನಮ್ಮ ಕಕ್ಷಿದಾರರು ತಿಳಿಯಬಯಸುತ್ತಾರೆ ಎಂದಿತ್ತು. ಅದನ್ನು ಎರಡು ಸಲ ಓದಿದೆ. ಸಾಕ್ಷಿ ಹೇಳಲು ಬರುತ್ತೇನೆ ಎಂದು ಉತ್ತರ ಬರೆದೆ.

ಅಪ್ಪನಿಗೆ ಹೇಳಿದೆ. "ನೀನು ಆಗ ಸುಳ್ಳು ಹೇಳಿದವಳು ಅಂತ ಕೋರ್ಟಿನಲ್ಲಿ ನೀನೇ ಹೇಳ್ತೀಯಾ?" ಎಂದರು.

"ಹೌದು."

"ನನ್ನ ಹೆಸರೂ ಬರ್ತದೆ."

"ಬರ್ತದೆ."

ಅಪ್ಪ ಅದಾದ ಮೇಲೆ ಬಹಳ ಕಾಲ ನನ್ನೊಡನೆ ಮಾತಾಡಲಿಲ್ಲ. ಏನಾದರೂ ಬೇಕಿದ್ದರೆ ಅಮ್ಮನ ಮೂಲಕ ಕೇಳುತ್ತಿದ್ದರು.

ಕೋರ್ಟಿನಲ್ಲಿ ಕಾಲೇಜಿನ ಪರವಾದ ವಕೀಲರು ನಗುನಗುತ್ತಾ ಕೇಳಿದರು.

"ಲೆಕ್ಚರರಮ್ಮ, ನೀವು ಆಗ ಸುಳ್ಳು ಹೇಳಿದ್ದಾ, ಈಗ ಹೇಳ್ತಾ ಇರುದಾ?"

"ಆಗ."

"ಇಪ್ಪತ್ತೆರಡು ಹುಡುಗರಿದ್ದರು. ಲೆಕ್ಚರರ್ ಎದುರಿಗೇ ಇದ್ದರು. ಅವನು ನಿಮ್ಮ ಹತ್ತಿರವೇ ಬಂದದ್ದು ಯಾಕೆ?"

"ಅವರಿಗೆ ಲೆಕ್ಚರರ ಹತ್ತಿರ ಮಾತಾಡ್ಲಿಕ್ಕೆ ಇರಲಿಲ್ಲ."

"ನಿಮಗೆ ಇತ್ತಲ್ಲ? ನೀವು ಯಾಕೆ ಹೇಳಲಿಲ್ಲ?"

"ನನಗೂ ಇರಲಿಲ್ಲ."

"ಯಾರು ಬಾಯಿ ಮುಚ್ಚಿದ್ದು?"

ಅದಕ್ಕೆ ಉತ್ತರ ಬಹಳ ಉದ್ದವಿತ್ತು. "ನಾನೇ" ಎಂದೆ. ನ್ಯಾಯಾಧೀಶರು ಅದನ್ನು ಬರೆದುಕೊಂಡರು. ಅಟೆಂಡರ್ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಅವರು ತಲೆ ಎತ್ತಿ ನನ್ನನ್ನು ನೋಡಲಿಲ್ಲ. ಆ ರಾತ್ರಿಯೂ ನಿದ್ದೆ ಬರಲಿಲ್ಲ. ಸತ್ಯ ಹೇಳಿದರೆ ಹಗುರಾಗುತ್ತದೆ ಎಂದು ಎಲ್ಲಿಯೋ ಓದಿದ್ದೆ. ನನಗೆ ಹಾಗಾಗಲಿಲ್ಲ.

ಕೆಲವು ತಿಂಗಳ ಮೇಲೆ ತೀರ್ಪು ಬಂತು. ಅವರನ್ನು ಪುನಃ ಕೆಲಸಕ್ಕೆ ತೆಗೆದುಕೊಳ್ಳಬೇಕು ಎಂದಾಯಿತು. ತೆಗೆದುಕೊಂಡರು. ಗಾಜಿನ ಸಾಮಾನು ಹಿಡಿಯಲು ಬೆರಳು ಮಡಚುತ್ತಿರಲಿಲ್ಲವಾದ್ದರಿಂದ ಲೈಬ್ರರಿಯ ಬಾಗಿಲಲ್ಲಿ ಕೂರಿಸಿದರು. ಲೆಕ್ಚರರ್ ಅಷ್ಟರಲ್ಲಿ ವೈಸ್ ಪ್ರಿನ್ಸಿಪಾಲ್ ಆಗಿದ್ದರು. ಹುಬ್ಬು ಚೆನ್ನಾಗಿ ಬೆಳೆದಿತ್ತಂತೆ.

ಒಂದು ಭಾನುವಾರ ನಾನು ಸುಳ್ಯದಿಂದ ಹೊರಟು ಕಡಬದಲ್ಲಿ ಇಳಿದು ಆ ಅಟೆಂಡರ ಮನೆಗೆ ನಡೆದೆ. ನಮ್ಮ ಮನೆಗೆ ಹೋಗಲಿಲ್ಲ. ಅವರ ಅಂಗಳಕ್ಕೆ ನಾನು ಕಾಲಿಟ್ಟದ್ದು ಅದೇ ಮೊದಲು. ಅವರ ಹೆಂಡತಿ ಗಡಿಬಿಡಿಯಲ್ಲಿ ಒಂದೇ ಒಂದು ಕುರ್ಚಿಯನ್ನು ಸೆರಗಿನಿಂದ ಒರೆಸಿ ಇಟ್ಟರು. ಅಟೆಂಡರ್ ಒಳಗಿನಿಂದ ಬಂದು, "ಬನ್ನಿ ಅಕ್ಕ, ಕೂತ್ಕೊಳ್ಳಿ. ಬಾಯಾರಿಕೆಗೆ ಎಂತ ಕೊಡುದು?" ಎಂದರು. ನಾನು ಕೂರಲಿಲ್ಲ.

"ನನ್ನದು ತಪ್ಪಾಯಿತು. ಅವತ್ತು ಪ್ರಿನ್ಸಿಪಾಲರ ಕೋಣೆಯ ಒಳಗೆ ನಾನು ಹೇಳಬೇಕಿತ್ತು," ಎಂದೆ.

ಅವರು ಹೇಳಿದರು, "ಒಳಗಿಂದು ಬಿಡಿ. ಹೆದರಿದ್ರಿ, ಆಯ್ತು. ನಿಮ್ಮ ಅಪ್ಪ ಪಕ್ಕದಲ್ಲೇ ಇದ್ರು, ನನಗೆ ಗೊತ್ತಿಲ್ವಾ?" ಒಂದು ಹೆಜ್ಜೆ ಮುಂದೆ ಬಂದರು. "ಹೊರಗೆ ಬಂದು ಹೇಳಿದೆ ಅಂದದ್ದೆಂತಕ್ಕೆ? ನಾನು ಕೇಳಿದೆ, ಹೇಳಿದ್ರಾ ಅಂತ. ಹೇಳಿದೆ ಅಂತ ಅಂದದ್ದು ನೀನು. ಅಷ್ಟೂ ವರ್ಷ ನಾನು ಊರಲ್ಲೆಲ್ಲ ಹೇಳಿದೆ, ಅಕ್ಕ ಸತ್ಯವೇ ಹೇಳಿದ್ದಾರೆ, ಆಫೀಸಿನವರು ತಿರುಚಿದ್ದು ಅಂತ. ಇವಳ ಹತ್ರ ಜಗಳ ಮಾಡಿದೆ ನಿನ್ನ ಪರ. ವಕೀಲರು ಆ ಕಾಗದ ತೋರಿಸುವಾಗಲೂ ಇದು ಅವರ ಸಹಿ ಅಲ್ಲ ಅಂತ ವಾದ ಮಾಡಿದವ ನಾನು! ನನ್ನನ್ನು ಮಂಗ ಮಾಡಿದ್ದು ನೀನು. ಲೆಕ್ಚರರ್ ಅಲ್ಲ, ನಿನ್ನ ಅಪ್ಪನೂ ಅಲ್ಲ, ನೀನು!"

ಅವರ ಹೆಂಡತಿ ಬಾಗಿಲಿನಿಂದ ಓಡಿಬಂದರು. "ಎಂತ ಇದು, ಮೆಲ್ಲ ಮಾತಾಡಿ. ದೊಡ್ಡ ಮನೆಯ ಅಕ್ಕ..."

"ಎಂತಕ್ಕೆ ಮೆಲ್ಲ? ಮೆಲ್ಲ ಮಾತಾಡಿಯೇ ಈ ಕೈ ಹೋದದ್ದು!"

ಆಚೆ ಮನೆಯವರು ಬೇಲಿಯ ಹತ್ತಿರ ಬಂದು ನಿಂತರು. ಅಟೆಂಡರ್ ನಿಲ್ಲಿಸಲಿಲ್ಲ. ನನ್ನ ಓದು, ನನ್ನ ಸೀರೆ, ನನ್ನ ಮನೆತನ, ಎಲ್ಲವನ್ನೂ ಎತ್ತಿ ಬೈದರು. ಹುಟ್ಟಿದಾರಭ್ಯ ನನ್ನನ್ನು ಯಾರೂ ಹಾಗೆ ಬೈದಿರಲಿಲ್ಲ. ನಾನು ಅಂಗಳದಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡೆ. ಕೊನೆಗೆ ಉಸಿರು ತಿರುಗಿಸಿಕೊಂಡು, "ಕ್ಷಮೆ ಗಿಮೆ ಎಲ್ಲ ನನ್ನ ಹತ್ರ ಇಲ್ಲ. ಹೋಗು ಇನ್ನು. ಬಸ್ ತಪ್ತದೆ," ಎಂದು ಒಳಗೆ ಹೋದರು.

ಪಂಜ ಎಂಬ ಊರಿನ ದಾರಿಯಾಗಿ ಹೋಗುವ ಬಸ್ಸು ಸಿಕ್ಕಿತು. ಸುಳ್ಯಕ್ಕೆ ಬಂದು ನನ್ನ ಬಾಡಿಗೆ ಕೋಣೆಯ ಬಾಗಿಲು ತೆರೆದು, ಊಟ ಮಾಡದೆ, ಸೀರೆ ಕೂಡ ಬದಲಿಸದೆ ಮಲಗಿದೆ. ಕಣ್ಣು ಬಿಡುವಾಗ ಬಿಸಿಲು ಚಾಪೆಯ ಮೇಲಿತ್ತು. ಹೊರಗೆ ಮನೆಯ ಯಜಮಾನಿ ಬಾಗಿಲು ಬಡಿಯುತ್ತಾ, "ಎಂತ ಮೇಡಂ, ಇವತ್ತು ಕಾಲೇಜಿಲ್ವಾ? ಗಂಟೆ ಒಂಬತ್ತಾಯ್ತು" ಎಂದು ಕೂಗುತ್ತಿದ್ದರು. ರಾತ್ರಿ ಒಂದು ಸಲವೂ ಎಚ್ಚರವಾಗಿರಲಿಲ್ಲ. ಆ ಮನುಷ್ಯನಿಗೆ ಹೋದದ್ದು ಯಾವುದೂ ತಿರುಗಿ ಬಂದಿರಲಿಲ್ಲ, ನನಗೆ ಮಾತ್ರ ನಿದ್ದೆ ಬಂದಿತ್ತು. ಮುಖ ತೊಳೆಯುವಾಗ ಅದಕ್ಕಾಗಿ ನನಗೆ ನಾಚಿಕೆಯಾಯಿತು.